ಪಹಣಿಗೆ ಬಾಡಿಗೆ, ಕೂಲಿಗೆ ಬೇಲಿ

ಪಾವಗಡದ ಸೌರ ಉದ್ಯಾನಕ್ಕೆ ಜಮೀನು ಕೊಟ್ಟ ರೈತನಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಎಂದು ನಿಗದಿಯಾದಾಗ, ಆ ಸೀಮೆಯ ಮಟ್ಟಿಗೆ ಅದು ಸಣ್ಣ ಮೊತ್ತವಾಗಿರಲಿಲ್ಲ. ವರ್ಷಕ್ಕೆ ಐದಾರು ನೂರು ಮಿಲಿಮೀಟರ್ ಮಳೆ ಬಿದ್ದರೆ ಪುಣ್ಯ ಎನ್ನುವ ನೆಲ ಅದು. ಬಿತ್ತನೆ ಬೀಜದ ಖರ್ಚೂ ಹುಟ್ಟದ ಎಷ್ಟೋ ವರ್ಷಗಳನ್ನು ಕಂಡವರಿಗೆ, ಮಳೆ ಬರಲಿ ಬಿಡಲಿ ಖಾತೆಗೆ ಜಮೆಯಾಗುವ ಹಣದ ಬೆಲೆ ಗೊತ್ತಿತ್ತು. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಊರುಗಳ ಸುಮಾರು 2,300 ರೈತರು ಹತ್ತಿರ ಹತ್ತಿರ 13,000 ಎಕರೆಯನ್ನು ಗುತ್ತಿಗೆಗೆ ಕೊಟ್ಟರು. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಯಿತು. ಇವತ್ತು ಅಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಫಲಕಗಳಿವೆ. ಭೂಸ್ವಾಧೀನವಿಲ್ಲದೆ, ಒಡೆತನವನ್ನು ರೈತರಲ್ಲೇ ಉಳಿಸಿ ಮಾಡಿದ ಈ ವ್ಯವಸ್ಥೆಯನ್ನು ದೇಶವೇ ಮಾದರಿ ಎಂದು ಹೊಗಳಿತು. ಹೊಗಳಿಕೆಯಲ್ಲಿ ಸುಳ್ಳಿಲ್ಲ. ಆದರೆ ಆ ಲೆಕ್ಕದಲ್ಲಿ ಒಂದು ಕಾಲಂ ಖಾಲಿ ಬಿದ್ದಿದೆ: ಆ ನೆಲದ ಮೇಲೆ ಬಗ್ಗಿ ದುಡಿಯುತ್ತಿದ್ದ ಹೆಂಗಸರ ಕೂಲಿ.

ಉದ್ಯಾನವನ್ನು ಇನ್ನಷ್ಟು ಸಾವಿರ ಎಕರೆಗೆ ವಿಸ್ತರಿಸುವ ಮಾತು ಈಗ ನಡೆದಿದೆ. ಇದೇ ಹೊತ್ತಿಗೆ ಗ್ರಾಮೀಣ ಉದ್ಯೋಗ ಖಾತ್ರಿಯ ಕಾನೂನೂ ಬದಲಾಗುತ್ತಿದೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ. ಇಟ್ಟು ನೋಡಿದರೆ ಮುಂದಿನ ಕೆಲವೇ ವರ್ಷಗಳಲ್ಲಿ ಈ ಬಯಲು ಸೀಮೆಯಲ್ಲಿ ಆಗಬಹುದಾದದ್ದು ಸ್ಪಷ್ಟವಾಗಿ ಕಾಣುತ್ತದೆ. ತಾಲ್ಲೂಕಿನ ಆದಾಯ ಏರುತ್ತದೆ, ಕೆಲವು ಮನೆಗಳ ಆದಾಯವೂ ಏರುತ್ತದೆ, ಹೆಂಗಸಿನ ಸ್ವಂತ ಗಳಿಕೆ ಮಾತ್ರ ಇಳಿಯುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಶಿಕ್ಷಣ ಇಲಾಖೆ ಒಂದು ಪ್ರತ್ಯೇಕ ಜಿಲ್ಲೆಯೆಂದೇ ಎಣಿಸುತ್ತದೆ. ಬೇಸಾಯದ ದೃಷ್ಟಿಯಿಂದಲೂ ಇವು ಬಹುಕಾಲ ಒಂದೇ ಕಡಲೆಕಾಯಿ ಸೀಮೆ. ಕಡಲೆಕಾಯಿಯಷ್ಟು ಹೆಂಗಸರ ಕೈಯನ್ನು ಬೇಡುವ ಬೆಳೆ ಇಲ್ಲಿ ಬೇರೊಂದಿಲ್ಲ. ಉಳುಮೆ, ಕುಂಟೆ ಹೊಡೆಯುವುದು, ಗಾಡಿ ಕಟ್ಟುವುದು ಗಂಡಸರದು. ಕಳೆ ತೆಗೆಯುವುದು, ಗಿಡ ಕೀಳುವುದು, ಕಾಯಿ ಬಿಡಿಸುವುದು, ಬಿತ್ತನೆಗೆ ಬೀಜ ಸುಲಿಯುವುದು, ಕೆಟ್ಟ ಬೀಜ ಆರಿಸುವುದು ಎಲ್ಲ ಹೆಂಗಸರದು. ಕೂಲಿಗೆ ಹೋಗದ ಮನೆಯವರೂ ಮುಯ್ಯಾಳಾಗಿ ಹೋಗುತ್ತಿದ್ದರು. ಅಕ್ಕಡಿ ಸಾಲಿನ ತೊಗರಿ, ಅಲಸಂದೆ, ಹರಳು ಅಡುಗೆಮನೆಗೂ ಹೆಂಗಸಿನ ಸಣ್ಣಪುಟ್ಟ ಮಾರಾಟಕ್ಕೂ ಒದಗುತ್ತಿದ್ದವು. ಕಟಾವು ಮುಗಿದ ಹೊಲದಲ್ಲಿ ಮಣ್ಣಿನೊಳಗೆ ಉಳಿದ ಕಾಯಿಯ ಹಕ್ಕಲು ಆಯಲು ಜಮೀನಿಲ್ಲದ ಮನೆಯ ಹೆಂಗಸರು, ಮಕ್ಕಳು ಇಳಿಯುತ್ತಿದ್ದರು. ಯಾವ ಪಹಣಿಯಲ್ಲೂ ಬರೆಯದ, ಆದರೆ ಊರೆಲ್ಲ ಒಪ್ಪಿಕೊಂಡ ಹಕ್ಕು ಅದು. ಬೀಳು ಬಿಟ್ಟ ವರ್ಷವೂ ಹೊಲ ಪೂರ್ತಿ ಸುಮ್ಮನಿರುತ್ತಿರಲಿಲ್ಲ. ಕುರಿ ಮೇಕೆಗೆ ಮೇವು, ಒಲೆಗೆ ಪುಳ್ಳೆ ಅಲ್ಲೇ. ಸರ್ಕಾರಿ ಕಡತದಲ್ಲಿ ‘ಬಂಜರು’ ಎಂದು ನಮೂದಾದ ಜಾಗದಲ್ಲಿ ಹೆಂಗಸೊಬ್ಬಳು ವರ್ಷಕ್ಕೆ ಎಷ್ಟು ದಿನ ಕಳೆಯುತ್ತಾಳೆ ಎಂದು ಯಾರೂ ಕೇಳಿದ್ದಿಲ್ಲ.

ಕೇಳಿದ್ದರೆ ಉತ್ತರ ಎಷ್ಟಿರಬಹುದು? ಒಂದು ಒರಟು ಲೆಕ್ಕ ಹಾಕೋಣ. 13,000 ಎಕರೆಯಲ್ಲಿ ಮಳೆ ಪರವಾಗಿಲ್ಲ ಎನ್ನುವ ವರ್ಷ ಅರ್ಧ ಮಾತ್ರ ಬಿತ್ತನೆಯಾಗುತ್ತಿತ್ತು, ಕಳೆಯಿಂದ ಕಾಯಿ ಬಿಡಿಸುವವರೆಗೆ ಎಕರೆಗೆ 20 ಹೆಣ್ಣಾಳು ಬೇಕಾಗುತ್ತಿತ್ತು ಎಂದು ಹಿಡಿಯಿರಿ. 1,30,000 ಹೆಣ್ಣಾಳು ದಿನಗಳಾಗುತ್ತವೆ. ಅಂದರೆ 1,300 ಜಾಬ್ ಕಾರ್ಡಿಗೆ ತಲಾ ನೂರು ದಿನ. ನನ್ನ ಊಹೆ ಅತಿಯಾಯಿತು ಎನ್ನುವವರು ಅರ್ಧಕ್ಕೆ ಇಳಿಸಿಕೊಳ್ಳಲಿ. ಆಗಲೂ ಅದು ಐದು ಹಳ್ಳಿಗಳಿಗೆ ದೊಡ್ಡ ಸಂಖ್ಯೆಯೇ. ಬರಗಾಲದ ವರ್ಷ ಇದು ಸೊನ್ನೆಗೆ ಹತ್ತಿರವಾಗುತ್ತಿತ್ತು ಎಂಬುದೂ ನಿಜ. ಆದರೆ ಬರ ಮುಂದಿನ ಮುಂಗಾರಿಗೆ ಮುಗಿಯಬಹುದು. ಬೇಲಿ ದಶಕಗಳ ಕರಾರು.

ಬಾಡಿಗೆ ಹೋಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಹೆಸರು ಯಾರದು? 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಒಟ್ಟು ಸಾಗುವಳಿ ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು ಶೇ. 14ರಷ್ಟು. ಕರ್ನಾಟಕ 1994ರಲ್ಲೇ, ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ತಂದ ರಾಜ್ಯ. ಕಾನೂನಿನ ಪುಸ್ತಕದಿಂದ ನಾಡಕಚೇರಿಯ ಖಾತೆ ಬದಲಾವಣೆಯವರೆಗೆ ದಾರಿ ಎಷ್ಟು ದೂರ ಎಂಬುದನ್ನು, ತವರಿನ ಪಾಲು ಕೇಳಿ ಅಣ್ಣತಮ್ಮಂದಿರ ಮಾತು ಬಿಡಿಸಿಕೊಂಡ ಯಾವ ಹೆಣ್ಣುಮಗಳಾದರೂ ಹೇಳಬಲ್ಲಳು. ಜಮೀನಿದ್ದ ಮನೆಯಲ್ಲೇ ಹೀಗಾದರೆ ಜಮೀನಿಲ್ಲದ ಮನೆಯ ಕಥೆ ಇನ್ನೂ ಚಿಕ್ಕದು. ಅವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್‌ನ ಸಂಶೋಧಕರು ಪಾವಗಡದ ಉದ್ಯಾನದಿಂದ ಭೂಹೀನರಿಗೆ ಆದ ನಷ್ಟದ ಕುರಿತು ಎಚ್ಚರಿಸುತ್ತಲೇ ಬಂದಿದ್ದಾರೆ. ಆ ಎಚ್ಚರಿಕೆ ಮೆಗಾವಾಟ್‌ಗಳ ಸದ್ದಿನಲ್ಲಿ ಕೇಳಿಸಲಿಲ್ಲ.

ಉದ್ಯಾನದೊಳಗೆ ಕೆಲಸವಿಲ್ಲವೇ? ಇದೆ. ಕಾವಲು ಗಂಡಸರಿಗೆ. ಫಲಕದ ಕೆಳಗೆ ಬೆಳೆಯುವ ಹುಲ್ಲು ಕತ್ತರಿಸುವುದು, ಧೂಳು ತೊಳೆಯುವುದು ಹೆಂಗಸರಿಗೂ ಸಿಗುತ್ತದೆ, ಗುತ್ತಿಗೆದಾರನ ಮೂಲಕ. ಆದರೆ ಸೌರ ಉದ್ಯಾನದ ಸ್ವಭಾವವೇ ಬೇರೆ. ಕಟ್ಟುವಾಗ ನೂರಾರು ಕೈ ಬೇಕು, ಕಟ್ಟಿದ ಮೇಲೆ ಬೆರಳೆಣಿಕೆ. ತೊಳೆಯುವ ಕೆಲಸವನ್ನೂ ನೀರಿಲ್ಲದೆ ಒರೆಸುವ ಯಂತ್ರಗಳು ಬೇರೆಡೆಯ ಉದ್ಯಾನಗಳಲ್ಲಿ ಆಗಲೇ ವಹಿಸಿಕೊಂಡಿವೆ. ನೀರಿನ ಅಭಾವದ ಪಾವಗಡಕ್ಕೆ ಅಂಥ ಯಂತ್ರ ಒಳ್ಳೆಯದೇ. ಹಾಗೆ ಒಳ್ಳೆಯದಾದಾಗ ಮೊದಲು ಮನೆಗೆ ಹೋಗುವವರು ಯಾರೆಂಬುದೂ ಗೊತ್ತಿರುವ ವಿಷಯವೇ.

ಇದು ಪಾವಗಡಕ್ಕೆ ಮಾತ್ರ ಕಟ್ಟಿದ ಊಹೆಯಲ್ಲ. ಫರ್ಜಾನಾ ಅಫ್ರಿದಿ, ಮೋನಿಶಂಕರ್ ಬಿಷ್ಣು, ಕನಿಕಾ ಮಹಾಜನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಭಾರತದ ಹೊಲಗಳಿಗೆ ಟ್ರ್ಯಾಕ್ಟರ್ ಉಳುಮೆ ಬಂದದ್ದರ ಪರಿಣಾಮವನ್ನು ಅಳೆದರು. 1999ರಿಂದ 2011ರ ನಡುವೆ ಯಂತ್ರದ ಉಳುಮೆ 32 ಶೇಕಡಾಂಶ ಏರಿದ್ದರಿಂದ ಹೊಲದ ಕೆಲಸದಲ್ಲಿ ಹೆಂಗಸರ ಬಳಕೆ ಶೇ. 22ಕ್ಕೂ ಹೆಚ್ಚು ಇಳಿಯಿತು. ವಿಚಿತ್ರವೆಂದರೆ, ಉಳುಮೆ ಗಂಡಸರ ಕೆಲಸ. ಯಂತ್ರ ಬಂದಾಗ ಹೆಚ್ಚು ಪೆಟ್ಟು ಬಿದ್ದದ್ದು ಹೆಂಗಸರಿಗೆ. ಕಾರಣ ಸರಳ. ಆಳವಾಗಿ ಉತ್ತ ಹೊಲದಲ್ಲಿ ಕಳೆ ಕಡಿಮೆ, ಕಳೆ ಕಡಿಮೆಯಾದರೆ ಕಳೆ ಕೀಳುವವಳಿಗೆ ಕರೆ ಇಲ್ಲ. ಗಂಡಸರ ಕೈಗೆಟಕುವ ಹೊಸ ಕೆಲಸ ಹತ್ತಿರದ ಪಟ್ಟಣದಲ್ಲಿ ಇತ್ತು, ಹೆಂಗಸರಿಗೆ ಇರಲಿಲ್ಲ. ಟ್ರ್ಯಾಕ್ಟರ್ ಬಂದಷ್ಟಕ್ಕೇ ಹೀಗಾದರೆ, ಹೊಲವೇ ಇಲ್ಲವಾದಾಗ ಏನಾಗಬೇಕು?

ಕೊರಟಗೆರೆ, ಮಧುಗಿರಿಗಳಲ್ಲಿ ಬೇಲಿಯಿಲ್ಲದೆಯೇ ಇಂಥದೇ ಬದಲಾವಣೆ ನಡೆಯುತ್ತಿದೆ. ಕೊಳವೆಬಾವಿಯಲ್ಲಿ ನೀರು ಸಿಕ್ಕವರು ಅಡಿಕೆ ಇಡುತ್ತಿದ್ದಾರೆ. ತೋಟ ನಿಂತ ಮೇಲೆ ಕಳೆ ಕೆಲಸ ತೆಳುವಾಗುತ್ತದೆ, ಕೊನೆ ತೆಗೆಯುವವರು ಗಂಡಸರು, ಸುಲಿಯಲು ಯಂತ್ರ. ಅಂತರ್ಜಲದ ಅತಿಬಳಕೆಯ ಪಟ್ಟಿಯಲ್ಲಿ ಈ ಎರಡೂ ತಾಲ್ಲೂಕುಗಳ ಹೆಸರಿದೆ. ಹಾಗಾಗಿ ಈ ತೋಟಗಳ ಆಯಸ್ಸಿನ ಬಗ್ಗೆಯೂ ಭರವಸೆ ಇಟ್ಟುಕೊಳ್ಳುವಂತಿಲ್ಲ.

ಉಳಿದಿರುವುದು ಊರ ಹೊರಗಿನ ದುಡಿಮೆ: ತುಮಕೂರು ಬಳಿಯ ವಸಂತನರಸಾಪುರ, ಗೌರಿಬಿದನೂರು, ಆಂಧ್ರದ ಹಿಂದೂಪುರ, ಅಲ್ಲೆಲ್ಲ ಇರುವ ಕಾರ್ಖಾನೆ, ಗಾರ್ಮೆಂಟ್ಸ್. ವಯಸ್ಸು ಚಿಕ್ಕದಾಗಿದ್ದು, ಎಂಟು ಹತ್ತು ತರಗತಿ ಓದಿ, ಮನೆಯಲ್ಲಿ ಮಗು ನೋಡಿಕೊಳ್ಳುವ ಅತ್ತೆ ಇದ್ದರೆ ಆ ಬಾಗಿಲು ತೆರೆಯುತ್ತದೆ. ನಲವತ್ತೈದು ದಾಟಿದ, ಕಡಲೆಕಾಯಿ ಹೊಲ ಬಿಟ್ಟು ಬೇರೇನೂ ಕಲಿಯದ ಹೆಂಗಸಿಗೆ ತೆರೆಯುವುದಿಲ್ಲ. 2011ರ ಜನಗಣತಿಯಲ್ಲಿ ತುಮಕೂರು ಜಿಲ್ಲೆಯ ಗಂಡಸರ ಸಾಕ್ಷರತೆ ಸುಮಾರು ಶೇ. 83, ಹೆಂಗಸರದು ಶೇ. 67. ಆ ಅಂತರದಲ್ಲಿ ಬಿದ್ದವರು ಈಗ ನಡುವಯಸ್ಸಿನ ಕೂಲಿಯವರು. ಇನ್ನು ಬಸ್ಸು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಕೂಲಿ ಹುಡುಕಿ ಹೋಗುವವಳಿಗೆ ಇದಕ್ಕಿಂತ ನೇರವಾದ ನೆರವು ಬೇರೊಂದಿಲ್ಲ. ಆದರೆ ಪಾವಗಡದ ಎಷ್ಟೋ ಹಳ್ಳಿಗಳಿಗೆ ಬರುವುದು ಖಾಸಗಿ ಬಸ್ಸು, ಅಲ್ಲಿ ಈ ‘ಶಕ್ತಿ’ ಯೋಜನೆ ನಡೆಯುವುದಿಲ್ಲ. 2022ರ ಮಾರ್ಚ್ 19ರಂದು ಪಳವಳ್ಳಿ ಬಳಿ ಮಗುಚಿದ್ದು ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಇಂಥದೇ ಒಂದು ತುಂಬಿ ತುಳುಕುವ ಖಾಸಗಿ ಬಸ್ಸು. ಸತ್ತವರಲ್ಲಿ ಕಾಲೇಜಿಗೆ ಹೊರಟಿದ್ದ ಮಕ್ಕಳಿದ್ದರು. ಹೆಂಗಸಿನ ಆದಾಯವನ್ನು ನಿರ್ಧರಿಸುವ ಅಂಶಗಳನ್ನು ಪಟ್ಟಿ ಮಾಡುವ ಅರ್ಥಶಾಸ್ತ್ರದ ಪುಸ್ತಕಗಳು ಓದು, ಭೂಮಿ, ಮಕ್ಕಳ ಸಂಖ್ಯೆ ಎನ್ನುತ್ತವೆ. ಬೆಳಿಗ್ಗೆ ಏಳರ ಬಸ್ಸನ್ನು ಯಾಕೋ ಮರೆಯುತ್ತವೆ.

ಬಾಡಿಗೆಯ ಕಡೆಗೂ ಒಮ್ಮೆ ತಿರುಗೋಣ, ಅದಾದರೂ ಗಟ್ಟಿಯೇ ಎಂದು. ಕರಾರಿನಂತೆ ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಇಪ್ಪತ್ತು ವರ್ಷಕ್ಕೆ 21,000 ರೂಪಾಯಿ 34,200 ಆಗುತ್ತದೆ. ರಿಸರ್ವ್ ಬ್ಯಾಂಕ್ ತಾನೇ ಗುರಿಯಾಗಿಟ್ಟುಕೊಂಡ ಶೇ. 4ರಷ್ಟೇ ಬೆಲೆಯೇರಿಕೆ ಇದ್ದರೂ, ಇಪ್ಪತ್ತು ವರ್ಷದ ನಂತರ ಇವತ್ತಿನ 21,000ದ ಸರಕು ಕೊಳ್ಳಲು 46,000 ಬೇಕು. ಕೊಳ್ಳುವ ಶಕ್ತಿಯಲ್ಲಿ ಕಾಲು ಭಾಗ ಕರಗಿತು. ಬೆಲೆಯೇರಿಕೆ ಶೇ. 5 ಆದರೆ ಕರಗುವುದು ಐದರಲ್ಲಿ ಎರಡು ಭಾಗ. ಈ ನಡುವೆ ಭದ್ರಾ ಮೇಲ್ದಂಡೆಯ ನೀರಿನ ಪಟ್ಟಿಯಲ್ಲಿ ಪಾವಗಡ, ಶಿರಾಗಳ ಹೆಸರೂ ಇದೆ. ನೀರು ಬಂದ ದಿನ ನೆಲ ಬೇಲಿಯೊಳಗಿರುತ್ತದೆ. ಬಾಡಿಗೆ ಸವೆದಂತೆ ಮನೆಯ ಕೊರತೆಯನ್ನು ತುಂಬಬೇಕಾದವಳು ಮತ್ತೆ ಹೆಂಗಸೇ. ಅಷ್ಟು ಹೊತ್ತಿಗೆ ಅವಳ ಕೂಲಿಯ ದಾರಿ ಮುಚ್ಚಿ ಒಂದು ತಲೆಮಾರಾಗಿರುತ್ತದೆ.

ಮನೆಗೆ ದುಡ್ಡು ಬಂದರೆ ಸಾಲದೇ, ಯಾರ ಹೆಸರಿಗೆ ಬಂದರೇನು ಎಂದು ಕೇಳುವವರಿದ್ದಾರೆ. ಇದಕ್ಕೆ ಉತ್ತರ ಕೊಡುವ ಎರಡು ಅಧ್ಯಯನಗಳಿವೆ. ನ್ಯಾನ್ಸಿ ಚಿಯನ್ 2008ರಲ್ಲಿ ಪ್ರಕಟಿಸಿದ ಸಂಶೋಧನೆ ಚೀನಾದ ಚಹಾ ಬೆಳೆಯುವ ಪ್ರದೇಶಗಳದು. ಹೆಂಗಸರ ಬೆರಳಿಗೆ ಒಗ್ಗುವ ಚಹಾದ ಬೆಲೆ ಏರಿದ ಕಡೆ ಬದುಕುಳಿದ ಹೆಣ್ಣುಮಕ್ಕಳ ಪ್ರಮಾಣವೂ ಏರಿತು, ಮಕ್ಕಳ ಓದೂ ಹೆಚ್ಚಿತು. ಗಂಡಸರ ಗಳಿಕೆ ಹೆಚ್ಚಿದ ಹಣ್ಣಿನ ತೋಟಗಳ ಸೀಮೆಯಲ್ಲಿ ಹಾಗಾಗಲಿಲ್ಲ. ಇನ್ನೊಂದು ನಮ್ಮ ಮಧ್ಯಪ್ರದೇಶದ್ದು. ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತು ಸಂಗಡಿಗರು ಉದ್ಯೋಗ ಖಾತ್ರಿಯ ಕೂಲಿಯನ್ನು ಮನೆಯ ಗಂಡಸಿನ ಖಾತೆಯ ಬದಲು ಹೆಂಗಸಿನ ಸ್ವಂತ ಖಾತೆಗೆ ಹಾಕಿಸಿ, ಖಾತೆ ಬಳಸುವುದನ್ನು ಕಲಿಸಿ ನೋಡಿದರು. ಅಂಥ ಹೆಂಗಸರು ಹೆಚ್ಚು ದಿನ ದುಡಿಯಲು ಹೊರಟರು, ಸರ್ಕಾರಿ ಕೆಲಸಕ್ಕಷ್ಟೇ ಅಲ್ಲ, ಖಾಸಗಿ ಕೂಲಿಗೂ. ಹಣದ ಮೊತ್ತದಷ್ಟೇ ಹಣ ಬೀಳುವ ಖಾತೆಯೂ ಮುಖ್ಯ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಪುರಾವೆ ಸಿಗಲಾರದು. ಪಾವಗಡದ ಬಾಡಿಗೆ ಈ ಪುರಾವೆಗೆ ನೇರ ವಿರುದ್ಧ ದಿಕ್ಕಿನಲ್ಲಿ ಹರಿಯುತ್ತಿದೆ.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಸರಿಯಾದ ಖಾತೆಗೆ ಬೀಳುತ್ತದೆ, ನಿಜ. ವರ್ಷಕ್ಕೆ 24,000. ಉದ್ಯೋಗ ಖಾತ್ರಿಯ ನೂರು ದಿನದ ಕೂಲಿ, ಕರ್ನಾಟಕದ 2025-26ರ ದರ 370 ರೂಪಾಯಿಯಂತೆ, 37,000. ಗಂಡಾಳು ಹೆಣ್ಣಾಳು ಎಂಬ ಭೇದವಿಲ್ಲದೆ ಒಂದೇ ದರ ಕೊಡುವ ಕೂಲಿ ಹಳ್ಳಿಯಲ್ಲಿ ಇದೊಂದೇ. ಬೇಲಿಯ ಸುತ್ತಲಿನ ಊರುಗಳಿಗೆ ಇದು ಕೊನೆಯ ಆಸರೆ.

ಆ ಆಸರೆಯ ಕಂಬವೇ ಈಗ ಅಲುಗುತ್ತಿದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆಯನ್ನು ಅಂಗೀಕರಿಸಿತು. ಜನ ‘ಜಿ ರಾಮ್ ಜಿ’ ಎಂದು ಕರೆಯುವುದು ಇದನ್ನೇ. ನೂರು ದಿನ 125 ಆಗಿದೆ, ಕೇಳಲು ಚೆಂದ. ಆದರೆ ಮೊದಲು ಕೂಲಿಯ ಪೂರ್ತಿ ಹೊರೆ ಕೇಂದ್ರದ್ದಾಗಿತ್ತು. ಈಗ ಖರ್ಚಿನ ನೂರಕ್ಕೆ ನಲವತ್ತು ರಾಜ್ಯದ್ದು. ಅದಕ್ಕಿಂತ ನಮ್ಮ ವಿಷಯಕ್ಕೆ ಹತ್ತಿರದ ಸಂಗತಿ ಬೇರೆ. ಬಿತ್ತನೆ, ಕೊಯ್ಲಿನ ಹೊತ್ತಿನಲ್ಲಿ ರೈತರಿಗೆ ಆಳು ಸಿಗಲೆಂದು ವರ್ಷಕ್ಕೆ ಒಟ್ಟು 60 ದಿನ ಕಾಮಗಾರಿ ನಿಲ್ಲಿಸಬೇಕೆಂದು ಹೊಸ ಕಾಯ್ದೆ ಹೇಳುತ್ತದೆ. ಬೇಸಾಯ ನಡೆಯುವ ಊರಿನಲ್ಲಿ ಇದಕ್ಕೆ ಏನಾದರೂ ಅರ್ಥವಿರಬಹುದು. ತಿರುಮಣಿ, ವಳ್ಳೂರಿನಲ್ಲಿ? ಅಲ್ಲಿ ಬಿತ್ತುವವರು ಯಾರು, ಕೊಯ್ಯುವವರು ಯಾರು? ಬಿತ್ತನೆಯೇ ಇಲ್ಲದ ಊರಲ್ಲಿ ಬಿತ್ತನೆಯ ಹೆಸರಿನಲ್ಲಿ ಕೂಲಿ ನಿಂತರೆ ಆ ಅರವತ್ತು ದಿನ ಹೆಂಗಸಿಗೆ ಎರಡೂ ಕಡೆಯಿಂದ ಸೊನ್ನೆ. ಈ ಸ್ಥಗಿತದ ಅವಧಿಯನ್ನು ಜಿಲ್ಲೆ, ತಾಲ್ಲೂಕು ಅಥವಾ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಬೇರೆ ಬೇರೆಯಾಗಿ ಗೊತ್ತುಪಡಿಸಲು ರಾಜ್ಯಕ್ಕೆ ಕಾಯ್ದೆಯೇ ಅವಕಾಶ ಕೊಟ್ಟಿದೆ. ಕಾಯ್ದೆಯನ್ನು ವಿರೋಧಿಸುತ್ತಿರುವ ರಾಜ್ಯ ಸರ್ಕಾರ ವಿರೋಧಿಸುತ್ತಲೇ ಇರಲಿ, ಈ ಅವಕಾಶವನ್ನು ಮಾತ್ರ ಬಿಡಬಾರದು. ಇಡೀ ಪಾವಗಡ ತಾಲ್ಲೂಕಿಗೆ ಒಂದೇ ಅಧಿಸೂಚನೆ ಹೊರಡಿಸಿದರೆ ಅನ್ಯಾಯ ಖಚಿತ.

ಕೂಲಿ ನಿಂತ ದಿನ ಸಂಘದ ಕಂತು ನಿಲ್ಲುವುದಿಲ್ಲ. ಕಿರು ಸಾಲದ ಕಂಪನಿಗಳು ಸಾಲ ಕೊಡುವುದು ಹೆಂಗಸರ ಹೆಸರಿಗೆ, ಗುಂಪಿನ ಹೊಣೆಯ ಮೇಲೆ, ವಾರದ ಇಲ್ಲವೇ ತಿಂಗಳ ವಾಯಿದೆಗೆ. ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚು ಕಂತಿಗೆ ಹೋಗಕೂಡದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಮಿತಿ ಹಾಕಿತು. ಆದರೆ ಆ ಆದಾಯವನ್ನು ಲೆಕ್ಕ ಹಾಕುವುದು ಸಾಲ ಕೊಡುವ ದಿನ. ಕೂಲಿ ಕರಗಿದ ದಿನ ಮಿತಿ ತಾನಾಗಿ ಇಳಿಯುವುದಿಲ್ಲ. ವಸೂಲಿಯ ಕಿರುಕುಳ ತಡೆಯಲು ಕರ್ನಾಟಕ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು, ಹತ್ತು ವರ್ಷದವರೆಗೆ ಶಿಕ್ಷೆ. ಬಾಗಿಲಿಗೆ ಬಂದು ಕೂಗಾಡುವವನನ್ನು ಅದು ತಡೆಯಬಹುದು. ತೀರಿಸಲು ಬೇಕಾದ ದುಡಿಮೆಯ ದಿನಗಳನ್ನು ಹುಟ್ಟಿಸಲಾರದು.

ಬಿಸಿಲಿನ ಮಾತೊಂದು ಉಳಿಯಿತು. ಶಾಖದ ಬಾಧೆಯಿಂದ 2030ರ ಹೊತ್ತಿಗೆ ಭಾರತ ತನ್ನ ದುಡಿಮೆಯ ಗಂಟೆಗಳಲ್ಲಿ ಶೇ. 5.8ರಷ್ಟನ್ನು ಕಳೆದುಕೊಳ್ಳಬಹುದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2019ರಲ್ಲಿ ಅಂದಾಜಿಸಿತು. ಹೆಂಗಸರೇ ಯಜಮಾನರಾದ ಗ್ರಾಮೀಣ ಮನೆಗಳು ಬಿಸಿಲ ಬೇಗೆಯಿಂದ ಗಂಡಸರ ಯಜಮಾನಿಕೆಯ ಮನೆಗಳಿಗಿಂತ ಶೇ. 8ರಷ್ಟು ಹೆಚ್ಚು ಆದಾಯ ಕಳೆದುಕೊಳ್ಳುತ್ತವೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2024ರ ವರದಿ ಹೇಳಿತು. ಯಾಕೆ ಎಂಬುದಕ್ಕೆ ಒಂದು ಕಾರಣ ನಮ್ಮದೇ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿದೆ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸು ದಿನಕ್ಕೆ 289 ನಿಮಿಷ, ಗಂಡಸು 88 ನಿಮಿಷ. ಬೆಳಗಿನ ತಂಪು ಹೊತ್ತು ಒಲೆ, ನೀರು, ಕೊಟ್ಟಿಗೆಗೆ ಹೋಗುತ್ತದೆ. ಕೂಲಿಗೆ ಉಳಿಯುವುದು ನೆತ್ತಿಯ ಬಿಸಿಲು. ಪಾವಗಡದಲ್ಲಿ ಇದರ ಮೇಲೆ ಫ್ಲೋರೈಡ್ ನೀರು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದವರ ಕೀಲುಗಳು ಬಿಗಿಯುತ್ತವೆ. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವವಳ ಬಂಡವಾಳವೇ ಮೊಣಕಾಲು, ಸೊಂಟ.

ಇಷ್ಟೆಲ್ಲ ನಡೆಯುವಾಗ ಅಂಕಿಅಂಶ ನಗುನಗುತ್ತಲೇ ಇರುತ್ತದೆ ಎಂಬುದು ನನ್ನ ದೊಡ್ಡ ಆತಂಕ. ಗ್ರಾಮೀಣ ಹೆಂಗಸರ ದುಡಿಮೆಯ ಪಾಲ್ಗೊಳ್ಳುವಿಕೆ 2017-18ರಲ್ಲಿ ಶೇ. 24.6 ಇದ್ದದ್ದು 2023-24ಕ್ಕೆ ಶೇ. 47.6 ಆಯಿತೆಂದು ರಾಷ್ಟ್ರೀಯ ಸಮೀಕ್ಷೆ ಹೇಳುತ್ತದೆ. ಅದೇ ಅವಧಿಯಲ್ಲಿ ದುಡಿಯುವ ಗ್ರಾಮೀಣ ಹೆಂಗಸರಲ್ಲಿ ‘ಸ್ವಯಂ ಉದ್ಯೋಗಿ’ಗಳ ಪಾಲು ಶೇ. 57.7ರಿಂದ 73.5ಕ್ಕೆ ಏರಿತು. ಈ ಗುಂಪಿನ ದೊಡ್ಡ ಪಾಲು ಮನೆಯ ಹೊಲ, ಮನೆಯ ಅಂಗಡಿಯಲ್ಲಿ ಸಂಬಳವಿಲ್ಲದೆ ಕೈಜೋಡಿಸುವವರು. ಕೂಲಿ ಕಳೆದುಕೊಂಡು ಎರಡು ಮೇಕೆ ಕಟ್ಟಿಕೊಂಡವಳೂ ಈ ಲೆಕ್ಕದಲ್ಲಿ ಉದ್ಯೋಗಸ್ಥೆ. ನಾಗಲಮಡಿಕೆಯಲ್ಲಿ ಹೆಣ್ಣಾಳಿನ ದಿನಗಳು ಅರ್ಧಕ್ಕಿಳಿದರೂ ರಾಜ್ಯದ ಕೋಷ್ಟಕದಲ್ಲಿ ಒಂದು ಅಂಕಿಯೂ ಅಲುಗದೇ ಇರಬಹುದು.

ಹಾಗಾಗಿ ಎಣಿಕೆ ಬೇಲಿ ಹಾಕುವ ಮೊದಲೇ ಆಗಬೇಕು. ವಿಸ್ತರಣೆಗೆ ಆರಿಸಿದ ಪ್ರತಿ ಸರ್ವೆ ನಂಬರಿನಲ್ಲಿ ಹಿಂದಿನ ಐದು ವರ್ಷ ಯಾವ ಬೆಳೆಯಿತ್ತು, ಎಷ್ಟು ಹೆಣ್ಣಾಳು ಇಳಿಯಿತು, ಯಾರು ಮೇವು ತಂದರು, ಯಾರು ಹಕ್ಕಲು ಆಯ್ದರು ಎಂಬುದನ್ನು ಗ್ರಾಮಸಭೆಯಲ್ಲಿ ಕೇಳಿ ಬರೆದುಕೊಳ್ಳುವುದು ಕಷ್ಟದ ಕೆಲಸವೇನಲ್ಲ. ಉದ್ಯೋಗ ಖಾತ್ರಿಯ ಕಾಯಕ ಬಂಧುಗಳೇ ಮಾಡಬಲ್ಲರು. ಗುತ್ತಿಗೆ ಕರಾರು ಗಂಡಹೆಂಡತಿಯ ಜಂಟಿ ಹೆಸರಿನಲ್ಲಿದ್ದು, ಬಾಡಿಗೆಯ ಅರ್ಧ ಅವಳ ಖಾತೆಗೆ ಬೀಳಲಿ. ಏರಿಕೆ ಎರಡು ವರ್ಷಕ್ಕೆ ಶೇ. 5 ಎಂಬ ಜಡ ಸಂಖ್ಯೆಯ ಬದಲು ಬೆಲೆ ಸೂಚ್ಯಂಕಕ್ಕೆ ಕಟ್ಟಿಕೊಳ್ಳಲಿ. ಮೆಗಾವಾಟಿಗೆ ಇಷ್ಟೆಂದು ಕಂಪನಿಗಳಿಂದ ತೆಗೆದ ಹಣದಲ್ಲಿ ಭೂಹೀನ ಹೆಂಗಸರಿಗೆ ವರ್ಷಕ್ಕೆ ಇಂತಿಷ್ಟು ದಿನದ ಕೂಲಿ ಖಾತ್ರಿಯಾಗಲಿ. ಫಲಕಗಳ ನಡುವೆ ಕುರಿ ಮೇಯಿಸುವುದು, ಗಿಡ್ಡ ಬೆಳೆ ಬೆಳೆಯುವುದು ಬೇರೆ ದೇಶಗಳಲ್ಲಿ ನಡೆದಿದೆ. ಫಲಕದ ಎತ್ತರವನ್ನು ನಕ್ಷೆಯ ಹಂತದಲ್ಲೇ ಗೊತ್ತುಮಾಡಿದರೆ ಇಲ್ಲೂ ಆಗುತ್ತದೆ, ಕಂಬ ನೆಟ್ಟ ಮೇಲೆ ಆಗುವುದಿಲ್ಲ. ಮೊದಲ 13,000 ಎಕರೆಯ ಕರಾರಿನಲ್ಲಿ ಇವ್ಯಾವುದನ್ನೂ ಸೇರಿಸಲು ಈಗ ಸುಲಭವಿಲ್ಲ. ಮುಂದಿನದಕ್ಕೆ ಇನ್ನೂ ಸಹಿ ಬಿದ್ದಿಲ್ಲ.